ತುಳಸವ್ವನ ಪಟ್ಟಿ

ಶಿರಗುಪ್ಪಿ, ೨೦೧೪

ಅವ್ವಾ,

ಬುದ್ಧವಿಹಾರದಲ್ಲಿ ನೀನು ಮಕ್ಕಳಿಂದ ಹೇಳಿಸುತ್ತಿದ್ದ ವಂದನೆಯನ್ನು, ನೀನಿದ್ದಾಗಲೇ, ಹಾರ್ಮೋನಿಯಂ ಪೇಟಿಯ ಕರಿ-ಬಿಳಿ ಮನೆಗಳ ಲೆಕ್ಕದಲ್ಲಿ ಕಂಪ್ಯೂಟರಿಗೆ ಇಳಿಸಿದ್ದೆನಲ್ಲ. ನೀನು ಹಾಡುತ್ತಿದ್ದೆ, ನಾನು ತಲೆ ಎತ್ತದೆ ಬರೆಯುತ್ತಿದ್ದೆ.

ನಿನ್ನ ತಗ್ಗಿನ ಪಟ್ಟಿಗೆ, ಆ ಕೆಳಗಿನ ಶ್ರುತಿಗೆ, ಮಕ್ಕಳ ದನಿ ಇಳಿಯದು. ಅದಕ್ಕಾಗಿ ನನ್ನ ಶಿಷ್ಯೆ ನೀಲಮ ಅದನ್ನು ನುಡಿಸುವ ತಂತ್ರಾಂಶಕ್ಕೆ ಹೊಸದೊಂದು ಗುಂಡಿ ಸೇರಿಸಿದ್ದಾಳೆ. ಒತ್ತಿದಂತೆಲ್ಲ ಇಡೀ ವಂದನೆ ಒಂದೊಂದು ಮನೆ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಇಂದು ಮಕ್ಕಳು ಏರಿಸಿ, ಇಳಿಸಿ, ತಮಗೊಪ್ಪುವ ಎತ್ತರದಲ್ಲಿ ತುಂಬುಕಂಠದಿಂದ ಹಾಡಿದರು. ಹಿಗ್ಗಿನಲ್ಲಿ, ಉಳಿಸಿಡು ಎಂದವನು ನಾನೇ. ಹೊಸದು ಹಳೆಯದರ ಮೇಲೆಯೇ ಕುಳಿತು, ನಿನ್ನ ಪಟ್ಟಿ ಅಳಿಸಿಹೋಯಿತು.

ಕಂಪ್ಯೂಟರ್ ಮುಚ್ಚಿದ ಮೇಲೆ ನೀಲಮ ಕೇಳಿದಳು: “ಸರ್, ತುಳಸವ್ವಾಯಿ ಯಾವ ಪಟ್ಟಿಯಿಂದ ಹಿಡೀತಿದ್ರು? ಅದನ್ನೂ ಬ್ಯಾರೆ ಇಡೂಣ್ರಿ.”

ಪೇಟಿ ಎಳೆದುಕೊಂಡು ಬಿಳಿ ಒಂದನೆಯ ಮನೆ ಒತ್ತಿದೆ, ಕರಿ ಎರಡನೆಯದನ್ನು ಒತ್ತಿದೆ. ಯಾವುದರಲ್ಲೂ ನೀನಿರಲಿಲ್ಲ.

“ನೆನಪಿಲ್ಲಂದ್ರ ಅವರ ಮನ್ಯಾಗ ಯಾರನ್ನರ ಕೇಳ್ರಿ ಸರ್,” ಎಂದ ಸಂಗ್ರಾಮ. ಅವನು ಹೊಸಬ, ನಾನು ನಿನ್ನ ಮಗನೆಂಬುದು ಅವನಿಗೆ ಗೊತ್ತಿಲ್ಲ. ನೀಲಮ ಅವನ ತೋಳು ಚಿವುಟಿದಳು.

“ಕೇಳ್ತೀನಪಾ,” ಎಂದು ಹೇಳಿ ಬಂದಿದ್ದೇನೆ, ಅವ್ವಾ.