ಮುರಿಯದ ನೆಟಿಗಿ

ಫರಹತ ಬೇಟಾ,

ರಾತ್ರಿ ಡ್ಯೂಟಿ ಮುಗಿಸಿ ಬಂದು ಉಣ್ಣದನ ಮಲಗೀದಿ. ನರ್ಸ್ ಆದ್ರೂ ಈ ಬುದ್ಧಿ ಬರಲಿಲ್ಲ ನಿನಗ. ಬುಟ್ಯಾಗ ರೊಟ್ಟಿ ಅದಾವ, ಪಲ್ಯಾ ಬಿಸಿ ಮಾಡ್ಕೊ. ನಾ ಕಟಿಂಗ್ ದುಕಾನ ತಗಿಯಾಕ ಹೊಂಟೀನಿ.

ನಿನ್ನೆ ಅಂಕಲಿ ಮುರಗೆಪ್ಪ ದಾಡಿಗೆ ಬಂದಿದ್ದ. ಚಾ ಕುಡ್ಕೋತ ಕುಂತಾವನ ಬಾಯಿ ಸೊಟ್ಟ ಆತು, ಕೈಯಾನ ಕಪ್ಪ ಜಾರಿ ಬಿತ್ತು. ಇದ್ದವರೆಲ್ಲಾ, "ನರ ಹಿಡಕೊಂಡೈತಿ ದಾದಾಸಾಬ, ಕುತ್ತಿಗಿ ನೆಟಿಗಿ ಮುರಿ, ನೆಟ್ಟಗಾಗತಾನ" ಅಂದ್ರು. ನನ್ನ ಕೈ ಅವನ ಗದ್ದಕ್ಕ ಹೋಗೇಬಿಟ್ಟಿತ್ತು. ಆವಾಗ ನಿನ್ನ ಮಾತ ನೆನಪಾತು. ಕುತ್ತಿಗಿ ಎರಡೂ ಬಾಜು ಮಿದುಳಿಗೆ ರಕ್ತ ಒಯ್ಯೋ ದೊಡ್ಡ ನಾಳ ಅದಾವ, ಜೋರಾಗಿ ತಿರುವಿದ್ರ ಒಳಗ ಹರಿದು ರಕ್ತ ಹೆಪ್ಪಗಟ್ಟತೈತಿ, ಆ ಹೆಪ್ಪು ಮ್ಯಾಲ ಹೋದ್ರ ಲಕ್ವಾ ಹೊಡಿತೈತಿ ಅಂದಿದ್ದಿ. ಅವತ್ತ ನಾ, "ನನಗ ಕಸಬು ಕಲಸ್ತಿ ಏನ?" ಅಂತ ನಿನ್ನ ಮ್ಯಾಲ ಹರಿಹಾಯ್ದಿದ್ದೆ. ನಿನ್ನೆ ಮಾತ್ರ ಕುತ್ತಿಗಿ ಮುಟ್ಟಲಿಲ್ಲ. ಸೀದಾ ರಿಕ್ಷಾದಾಗ ಹಾಕ್ಕೊಂಡು ದವಾಖಾನಿಗೆ ಒಯ್ದೆ.

ಈಗ ಮುಂಜಾನೆ ಅವನ ಹೆಂಡತಿ ಕಸ್ತೂರೆವ್ವ ಬಂದಿದ್ಳು. ಒಂದು ಬಾಜು ನಾಳದಾಗ ಕೊಬ್ಬು ಕಟ್ಟೈತಂತ. ಕುತ್ತಿಗಿ ತಿರುವಿದ್ರ ಉಳಿಯೋದು ಕಠೀಣ ಇತ್ತು ಅಂದ್ರಂತ ಡಾಕ್ಟರು. ಮುರಗೆಪ್ಪ ಮಾತಾಡಾಕತ್ತಾನ, ಮೊದಲ ಚಾನ ಕೇಳ್ಯಾನಂತ.

ಕಟ್ಟಿ ಮ್ಯಾಲ ಬೆಲ್ಲದ ಪೆಂಟಿ ಐತಿ, ಅಕಿ ಕೊಟ್ಟದ್ದು. ಅದು ನಿಂದು. ಇರವಿ ಮುತ್ತದಂಗ ಡಬ್ಬ್ಯಾಗ ಹಾಕಿಡು.

ಓಣ್ಯಾಗ ಎಲ್ಲಾರೂ ದಾದಾಸಾಬನ ಕೈಗುಣ ಅಂತ ಹೊಗಳಾಕತ್ತಾರ. ಇವತ್ತ ಬರೋ ಗಿರಾಕಿಗೆಲ್ಲಾ ನಾನ ಹೇಳ್ತೀನಿ: ಆ ಕೈ ಹಿಡದು ನಿಲ್ಲಿಸಿದಾಕಿ ನನ್ನ ಮಗಳು.

ಅಬ್ಬಾ