ಒಂದು ಸ್ವರ ಹೆಚ್ಚು

ಜನವರಿ ೬, ಮಂಗಳವಾರ

ಬೆಳಗ್ಗೆ ಮತ್ತೆ ಹತ್ತು ಪದಗಳ ಅಭ್ಯಾಸ. ಇವರು ನನ್ನ ಬೆನ್ನ ಹಿಂದೆ ಕುಳಿತು ಹೇಳುವುದು, ತುಟಿ ನೋಡದೆ ನಾನು ಅದನ್ನೇ ಮತ್ತೆ ಹೇಳುವುದು. “ಬಾಗಿಲು” ಅಂದಿದ್ದರಂತೆ. ನಾನು “ಬಾಳೆಕಾಯಿ” ಅಂದೆ. ತಿರುಗಿ ನೋಡಿದರೆ ನಗು.

“ಅಂಗಡಿಗೆ ಹೊತ್ತಾಯ್ತು ನುಸ್ರತ್. ಬಾಳೆಕಾಯಿ ತೆಗೆದು ಹೊರಗೆ ಹೋಗ್ತೇನೆ ಆಯ್ತಾ?”

ಸ್ವಿಚ್ ಆನ್ ಆಗಿ ಏಳು ವಾರ. ತಲೆಯೊಳಗೆ ಇಂಪ್ಲಾಂಟ್, ಕಿವಿಯ ಹಿಂದೆ ಪ್ರೊಸೆಸರ್, ಶಾಲಿನ ಅಡಿಯಲ್ಲಿ ಆಯಸ್ಕಾಂತದ ಬಿಲ್ಲೆ. ಜ್ವರದಲ್ಲಿ ಕಿವಿ ಹೋದ ಮೇಲೆ ಆರು ವರ್ಷ ಏನೂ ಇರಲಿಲ್ಲ. ಇಷ್ಟು ಸಿಕ್ಕಿದ್ದೇ ದೊಡ್ಡದು — ಗೊತ್ತು. ಆದರೆ ಎಲ್ಲರ ಸ್ವರವೂ ಡಬ್ಬಿಯೊಳಗಿನ ಸೊಳ್ಳೆ. ಹಿಂದೆ ಬಾಯಿಪಾಠ ಇದ್ದ ಹಾಡೊಂದನ್ನು ಹಾಕಿ ನೋಡಿದೆ. ಪಾತ್ರೆಯ ಸ್ಟ್ಯಾಂಡ್ ಮಗುಚಿದ ಹಾಗೆ. ಬಂದ್ ಮಾಡಿದೆ. ಇನ್ನು ಹಾಕುವುದಿಲ್ಲ.

ಮಗಳು ಫಾಯಿಝಾ ಶಾಲೆಯಿಂದ ಬಂದಳು. ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿ, ತುಟಿ ಆಡಿಸಿದಳು. “ಟೀಚರ್ ಸ್ಟಾರ್ ಕೊಟ್ರು.” ಸ್ವರ ಇಲ್ಲ. ಬರೀ ತುಟಿ. ಇವರ ತಾಯಿ ಮಾಮಿಯ ಹತ್ತಿರ ಮನೆ ಹಾರಿಹೋಗುವ ಹಾಗೆ ಕಿರುಚುತ್ತಾಳಂತೆ. ನನ್ನ ಹತ್ತಿರ ಮಾತ್ರ ಹೀಗೆ. ನಾಲ್ಕು ತಿಂಗಳ ಕೂಸಾಗಿದ್ದಾಗ ನನ್ನ ಕಿವಿ ಹೋಯಿತು. ಉಮ್ಮನಿಗೆ ಸ್ವರ ಬೇಡ ಅಂತ ಅವಳಷ್ಟಕ್ಕೆ ಕಲಿತುಬಿಟ್ಟಿದ್ದಾಳೆ.

“ಶಬ್ದ ಮಾಡಿ ಹೇಳು,” ಅಂದೆ. ತುಟಿಯನ್ನು ಇನ್ನೂ ದೊಡ್ಡದಾಗಿ ಆಡಿಸಿದಳು.

ಜನವರಿ ೯, ಶುಕ್ರವಾರ. ಮಧ್ಯಾಹ್ನ, ಆಫೀಸು

ಈಗಲೇ, ಇಲ್ಲೇ ಬರೆಯಲೇಬೇಕು.

ಮೂಡುಬಿದಿರೆಯ ಮನೆಯ ಪ್ಲ್ಯಾನಿನಲ್ಲಿ ಮೆಟ್ಟಿಲು ಎಳೆಯುತ್ತಿದ್ದೆ. ಎಂಜಿನಿಯರ್ ಸೈಟಿಗೆ ಹೋಗಿದ್ದರು. ಏನೋ ಒಂದು ಶುರುವಾಯಿತು. ಯುಪಿಎಸ್ ಕೆಟ್ಟಿತು ಅಂದುಕೊಂಡೆ. ಎದ್ದು ಹೋಗಿ ಅದರ ಮೇಲೆ ಕೈ ಇಟ್ಟೆ. ಇಲ್ಲ. ನಕ್ಷೆ ಪ್ರಿಂಟ್ ಮಾಡುವ ಪ್ಲಾಟರ್? ಅದು ಆಫ್. ಶಬ್ದ ಮಾತ್ರ ಏರುತ್ತಿತ್ತು — ನಿಧಾನ, ನಿಧಾನ, ಅಗಲವಾಗುತ್ತ. ಒಡೆಯಲಿಲ್ಲ. ಗಲಗಲ ಅನ್ನಲಿಲ್ಲ. ಅದರ ಅಡಿಯಿಂದ ಟುಕು-ಟುಕು-ಟುಕು ಅಂತ ಇನ್ನೊಂದು ಓಡಿಬಂತು. ಎರಡೂ ಬೇರೆ ಬೇರೆ! ಎರಡೂ ಒಟ್ಟಿಗೆ!

“ಶ್ರವಣ್, ಇದೆಂಥದು ಶಬ್ದ?”

ಪಕ್ಕದ ಮೇಜಿನಲ್ಲಿ ತ್ರೀಡಿ ಮಾಡುವ ಹುಡುಗ. ಹೆದರಿ ಸ್ಪೀಕರ್ ಆರಿಸಿದ. ಶಬ್ದ ನಿಂತಿತು.

“ಸಾರಿ ಅಕ್ಕ, ನಿಮಗೆ ತೊಂದರೆ ಆಗುವುದಿಲ್ಲ ಅಂತ… ಮ್ಯೂಸಿಕ್ ಅಷ್ಟೇ.”

ಮ್ಯೂಸಿಕ್!

“ಹಾಕು. ಹಾಕು ಮಾರಾಯ, ಮೊದಲಿನಿಂದ ಹಾಕು!”

ಹಾಕಿದ. ಸ್ಪೀಕರಿನ ಎದುರು ಸ್ಟೂಲ್ ಎಳೆದು ಕುಳಿತೆ. ಅತ್ತುಬಿಟ್ಟೆ. ಏನು ಮಾಡಬೇಕೆಂದು ತಿಳಿಯದೆ ಅವನು ಹೋಗಿ ಎರಡು ಲೈಮ್ ಜ್ಯೂಸ್ ತಂದ. ಹುಡುಗನ ಹೆಸರಿನ ಅರ್ಥವೇ ಕಿವಿಯಿಂದ ಕೇಳುವುದು ಅಂತ ಇವತ್ತೇ ಹೊಳೆದದ್ದು.

ಸಂಜೆ, ಮನೆ

ಐವತ್ತು ವರ್ಷ ಹಳೆಯ ಆಲ್ಬಮ್ ಅಂತೆ. ಜರ್ಮನಿಯ ಇಬ್ಬರು. ಹೆಸರು ಶ್ರವಣ್ ಮೂರು ಸಲ ಹೇಳಿದ, ಮೂರು ಸಲವೂ ಬೇರೆ ಬೇರೆ. ಹಾಡಿಲ್ಲ, ಮಾತಿಲ್ಲ, ಡ್ರಮ್ ಇಲ್ಲ. ಕಪಾಟಿನಷ್ಟು ದೊಡ್ಡ ಸಿಂಥಸೈಸರ್, ಮೈತುಂಬ ವೈರು. ರೂಮು ಬಿಸಿಯಾದರೆ ಶ್ರುತಿ ಜಾರುತ್ತಿತ್ತಂತೆ. ಜಾರಿದ್ದನ್ನೂ ಹಾಗೆಯೇ ಇಟ್ಟಿದ್ದಾರೆ. ಒಂದು ಬದಿಗೆ ಒಂದೇ ತುಂಡು, ಇಪ್ಪತ್ತು ನಿಮಿಷ.

“ನನ್ನ ಫ್ರೆಂಡ್ಸೆಲ್ಲ ನಿದ್ದೆ ಬರ್ತದೆ ಅಂತಾರೆ ಅಕ್ಕ. ಅಳುವವರನ್ನು ಇವತ್ತೇ ನೋಡಿದ್ದು.”

ಲಿಂಕ್ ಕಳಿಸಿದ್ದಾನೆ. ಬಸ್ಸಿನಲ್ಲಿ ಕೇಳುತ್ತ ಕುಳಿತವಳಿಗೆ ನಮ್ಮ ಸ್ಟಾಪ್ ಗುರುವಾಯನಕೆರೆ ದಾಟಿದ್ದು ಗೊತ್ತೇ ಆಗಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬಂದೆ. ನಗುತ್ತ.

ಜನವರಿ ೧೫

ದಿನಾ ಕೇಳುತ್ತಿದ್ದೇನೆ. ಆಫೀಸಿನಿಂದ ಬಂದ ಕೂಡಲೇ ಒಂದು ಬದಿ, ಅಡುಗೆ ಆದ ಮೇಲೆ ಇನ್ನೊಂದು. ಈಗ ದಾರಿ ಗೊತ್ತು. ಮೊದಲು ಗಾಳಿಯ ಹಾಗೆ ಒಂದು. ಆಮೇಲೆ ಕೆಳಗಿನ ದಪ್ಪ ಶಬ್ದ — ಅದು ಬಂದಾಗ ಹೊಟ್ಟೆಯೊಳಗೆ ಲಿಫ್ಟ್ ಹತ್ತಿದ ಹಾಗೆ. ಆಮೇಲೆ ಟುಕು-ಟುಕು. ಅದೇ ಅದೇ ಅನ್ನಿಸುತ್ತದೆ, ಅದೇ ಅಲ್ಲ. ಒಂದೊಂದು ಸುತ್ತಿಗೂ ಸ್ವಲ್ಪ ಸ್ವಲ್ಪ ಬಣ್ಣ ಬದಲು.

ಯಾಕೆ ಇದು ಮಾತ್ರ? ಆಡಿಯಾಲಜಿಸ್ಟ್ ಪ್ರಾಪ್ತಿ ಮೇಡಂಗೆ ಮೆಸೇಜ್ ಹಾಕಿದೆ. ಉತ್ತರ ಬಂತು: ನಿಧಾನ ಇರುವುದಕ್ಕೆ, ಶಬ್ದಗಳು ಕಡಿಮೆ ಇರುವುದಕ್ಕೆ ಇರಬಹುದು. ಹಳೆಯ ಹಾಡು ಹೇಗಿರಬೇಕೆಂದು ನಿಮಗೆ ನೆನಪುಂಟು, ಹಾಗಾಗಿ ಹಾಳಾಗಿ ಕೇಳುತ್ತದೆ. ಇದು ಹೇಗಿರಬೇಕೆಂದು ನಿಮಗೆ ಗೊತ್ತೇ ಇಲ್ಲ. ಕೇಳಿ, ಬಿಡಬೇಡಿ.

ಇವರು ಅಂಗಡಿಯಿಂದ ಬಂದು ಬಾಗಿಲಲ್ಲಿ ನಿಂತರಂತೆ. ನಾನು ಆಚೆ ಮುಖ ಮಾಡಿದ್ದೆ.

“ಇದೆಂಥದು, ಬೋರ್‌ವೆಲ್ ಪಂಪಾ?”

“ಪಂಪಲ್ಲ!” ಅಂದೆ.

ಆಮೇಲೆ ಹೊಳೆಯಿತು. ತಿರುಗದೆ ಉತ್ತರ ಕೊಟ್ಟಿದ್ದೆ! ಇವರು ಶೂ ಬಿಚ್ಚದೆ ಒಳಗೆ ಬಂದು, “ಬಾಗಿಲು, ಬಾಗಿಲು, ಬಾಗಿಲು” ಅಂತ ಹೇಳಿಯೇ ಹೇಳಿದರು.

ಜನವರಿ ೨೮, ಬುಧವಾರ

ಮಂಗಳೂರಿನಲ್ಲಿ ಮ್ಯಾಪಿಂಗ್. ಪ್ರೊಸೆಸರನ್ನು ಕಂಪ್ಯೂಟರಿಗೆ ಜೋಡಿಸಿ ಯಾವ ಶಬ್ದ ಎಷ್ಟು ಹೋಗಬೇಕೆಂದು ಮತ್ತೆ ಹೊಂದಿಸುವುದು. ಪ್ರಾಪ್ತಿ ಮೇಡಂಗೆ ಖುಷಿ. “ಸಪೂರ ಸ್ವರಗಳನ್ನು ಏರಿಸಿದ್ದೇನೆ. ಇನ್ನು ಮಕ್ಕಳ ಮಾತು ಸಿಗಬಹುದು.”

ಬಿ.ಸಿ. ರೋಡಿನಲ್ಲಿ ಬಸ್ ಬದಲಿಸುವಾಗ ಆಲ್ಬಮ್ ಹಾಕಿದೆ. ಹೋಯಿತು. ಎಲ್ಲ ಹೋಯಿತು. ಗಾಳಿಯಿದ್ದಲ್ಲಿ ತಗಡು ಉಜ್ಜಿದ ಹಾಗೆ. ಕೆಳಗಿನ ದಪ್ಪ ಶಬ್ದ ಇಲ್ಲವೇ ಇಲ್ಲ. ಬೆಂಚಿನ ಮೇಲೆ ಕುಳಿತುಬಿಟ್ಟೆ. ಬಸ್ಸೊಂದು ಹೋಯಿತು.

ಮೇಡಂಗೆ ಬರೆದೆ. ಉತ್ತರ ಬಂತು: “ಹಳೆಯ ಮ್ಯಾಪ್ ಎರಡನೇ ಪ್ರೋಗ್ರಾಂನಲ್ಲಿ ಉಂಟು. ಪ್ರೊಸೆಸರಿನ ಬಟನ್ ಒತ್ತಿದರೆ ಸಿಗ್ತದೆ. ಆದರೆ ಒತ್ತಬೇಡಿ ನುಸ್ರತ್. ಮಿದುಳು ಹೊಸದಕ್ಕೆ ಒಗ್ಗಬೇಕು. ಅತ್ತ ಇತ್ತ ಹೋಗ್ತಾ ಇದ್ದರೆ ತಡ ಆಗ್ತದೆ.”

ಒಂದು ಬಟನ್. ಬೆರಳು ಅಲ್ಲಿಗೇ ಹೋಗುತ್ತದೆ. ಆರು ವರ್ಷದ ಮೇಲೆ ಸಿಕ್ಕಿದ ಒಂದೇ ಒಂದು ಸಂಗೀತ ಅಲ್ಲಿ, ಒಳಗೆ ಉಂಟು. ಇಲ್ಲಿ ಬರೀ ತಗಡು.

ಮನೆಗೆ ಬಂದಾಗ ಫಾಯಿಝಾ ಗೇಟಿನಲ್ಲಿದ್ದಳು. ತುಟಿ ಆಡಿಸಿದಳು — ಏನು ತಂದಿದ್ದಿ?

ಒತ್ತಲಿಲ್ಲ.

ಫೆಬ್ರವರಿ ೪

ಬರೆಯಲು ಏನೂ ಇರಲಿಲ್ಲ. ದಿನಾ ತಗಡು ಕೇಳಿದೆ. ಶ್ರವಣ್ ಹೇಳಿದ, “ಅಕ್ಕ, ನಿಮ್ಮ ಕಿವಿಯ ಹತ್ತಿರ ಜಗಳ ಮಾಡಬೇಡಿ. ವಾಲ್ಯೂಮ್ ಸಣ್ಣ ಮಾಡಿ, ಸುಮ್ಮನೆ ಹಾಕಿಡುವ.” ದಿನವಿಡೀ ಆಫೀಸಿನಲ್ಲಿ ಸಣ್ಣಗೆ ಹಾಕಿಟ್ಟ. ಎಂಜಿನಿಯರ್ ಬಂದಾಗಲೂ ಆರಿಸಲಿಲ್ಲ. ಅವರು, “ಯಾರ ಫೋನ್ ವೈಬ್ರೇಟ್ ಆಗುವುದು?” ಅಂತ ಎರಡು ಸಲ ಕೇಳಿದರು.

ಇವತ್ತು ನಾಲ್ಕು ಗಂಟೆಗೆ, ಸೆಪ್ಟಿಕ್ ಟ್ಯಾಂಕಿನ ಡ್ರಾಯಿಂಗ್ ಮಾಡುವಾಗ, ಕೆಳಗಿನ ದಪ್ಪ ಶಬ್ದ ವಾಪಸ್ ಬಂತು! ಮೊದಲಿನಷ್ಟು ದಪ್ಪ ಅಲ್ಲ. ಆದರೆ ಅದೇ. ಅದೇ! ಅಷ್ಟೇ ಅಲ್ಲ — ಎಲ್ಲಕ್ಕಿಂತ ಮೇಲೆ, ನೂಲಿನಷ್ಟು ಸಪೂರವಾಗಿ ಇನ್ನೊಂದು ಸ್ವರ ಎಳೆದ ಹಾಗೆ ಹೋಗುತ್ತದೆ. ಹಳೆಯ ಮ್ಯಾಪಿನಲ್ಲಿ ಅದು ಕೇಳಿಸಿಯೇ ಇರಲಿಲ್ಲ.

“ಮೇಲೆ ಒಂದು ಸಪೂರದ್ದು ಉಂಟಾ?”

ಶ್ರವಣ್ ಕುರ್ಚಿಯಿಂದ ಎದ್ದುಬಿಟ್ಟ. “ಉಂಟು ಅಕ್ಕ! ಶುರುವಿನಿಂದಲೂ ಉಂಟು!”

ಫೆಬ್ರವರಿ ೭, ಶನಿವಾರ. ಸಂಜೆ

ಹೇಗೆ ಬರೆಯುವುದು… ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಆಲ್ಬಮ್ ಹಾಕಿದ್ದೆ. ಎರಡನೇ ಬದಿ. ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ. ಫಾಯಿಝಾ ಸ್ಪೀಕರಿಗೆ ಒರಗಿ ಬಣ್ಣ ಹಚ್ಚುತ್ತಿದ್ದಳು. ಸ್ಪೀಕರ್ ಬೆನ್ನಿಗೆ ಕಚಗುಳಿ ಇಡುತ್ತದೆ ಅಂತ ಈಗ ಅವಳಿಗೆ ಅದೇ ಜಾಗ ಬೇಕು.

ಗಾಳಿ. ದಪ್ಪ. ಟುಕು-ಟುಕು. ಮೇಲಿನ ನೂಲು. ಎಲ್ಲ ಅದರದರ ಜಾಗದಲ್ಲಿ. ಅಷ್ಟರಲ್ಲಿ ಇನ್ನೊಂದು ಬಂತು. ದಪ್ಪವೂ ಅಲ್ಲ, ನೂಲೂ ಅಲ್ಲ, ಮಧ್ಯದ್ದು. ಸ್ವಲ್ಪ ಅಲುಗುತ್ತ, ಜಾರುತ್ತ, ಮತ್ತೆ ಸರಿಯಾಗುತ್ತ. ಇಷ್ಟು ದಿನ ಇದು ಕೇಳಿಸಿರಲಿಲ್ಲ. ಇನ್ನೊಂದು ಪದರ ತೆರೆಯಿತು ಅಂತ ಖುಷಿಯಾಯಿತು. ಸರಿಯಾಗಿ ಯಾವ ನಿಮಿಷಕ್ಕೆ ಬರುತ್ತದೆಂದು ಶ್ರವಣ್‌ಗೆ ಹೇಳಬೇಕೆಂದು ಫೋನ್ ತೆಗೆದು ಪಾಸ್ ಒತ್ತಿದೆ.

ಆಲ್ಬಮ್ ನಿಂತಿತು. ಆ ಸ್ವರ ನಿಲ್ಲಲಿಲ್ಲ.

ಕಣ್ಣು ತೆರೆದೆ. ಫಾಯಿಝಾ ತಲೆ ಬಗ್ಗಿಸಿ ಆನೆಗೆ ಹಸಿರು ಬಣ್ಣ ಹಚ್ಚುತ್ತಿದ್ದಳು. ಬಾಯಿ ಮುಚ್ಚಿತ್ತು. ಊಂ… ಅಂತ ಎಳೆಯುತ್ತಿದ್ದಳು. ತನ್ನಷ್ಟಕ್ಕೆ.

ನನ್ನ ಮಗಳ ಸ್ವರ.

ಅಲುಗಾಡಿದರೆ ನಿಲ್ಲಿಸುತ್ತಾಳೋ ಅಂತ ಉಸಿರು ಹಿಡಿದೆ. ಬೆನ್ನಿಗೆ ಕಚಗುಳಿ ನಿಂತದ್ದು ತಿಳಿದು ತಲೆ ಎತ್ತಿದಳು. ನಾನು ಅಳುವುದು ನೋಡಿ ಓಡಿಬಂದಳು. ಗಲ್ಲ ಹಿಡಿದಳು. ತುಟಿ ಮಾತ್ರ: “ನೋವಾ ಉಮ್ಮ?”

“ಇಲ್ಲ. ನೀನು ಊಂ ಅಂದದ್ದು ಕೇಳಿತು.”

“ಸುಳ್ಳು.” ತುಟಿ ಮಾತ್ರ.

“ನೋಡು, ಕಣ್ಣು ಮುಚ್ಚುತ್ತೇನೆ. ಆಚೆ ತಿರುಗುತ್ತೇನೆ. ಇನ್ನೊಮ್ಮೆ ಮಾಡು.”

ತಿರುಗಿದೆ. ಏನೂ ಇಲ್ಲ. ಏನೂ ಇಲ್ಲ… ಆಮೇಲೆ ಸಣ್ಣಗೆ, ಊಂ. ಕೈ ಎತ್ತಿದೆ. ನಿಲ್ಲಿಸಿದಳು. ಕೈ ಇಳಿಸಿದೆ. ಮತ್ತೆ ಊಂ — ಕೈ ಎತ್ತಿದೆ. ಊಂ, ಊಂ, ಊಂ! ಕೈ, ಕೈ, ಕೈ! ಬೆನ್ನ ಮೇಲೆ ಹಾರಿ ಕುಳಿತು, ಪ್ರೊಸೆಸರಿಗೇ ಬಾಯಿ ಇಟ್ಟು ಕಿರುಚಿದಳು:

“ಕೇಳ್ತದಾ ಉಮ್ಮ!”

ತಲೆ ಒಡೆದ ಹಾಗಾಯಿತು. ಮಾಮಿ ಹಿತ್ತಲಿನಿಂದ ಓಡಿಬಂದರು. ಇಬ್ಬರೂ ಚಾಪೆಯಲ್ಲಿ ಬಿದ್ದು ಹೊರಳಾಡುತ್ತಿದ್ದೆವು. “ಎಂಥಾಯ್ತು, ಯಾರಿಗೆ ಎಂಥಾಯ್ತು?” ಅಂತ ಅವರು ಕೇಳಿದ್ದೂ ಕೇಳಿತು.

ಫೆಬ್ರವರಿ ೧೧, ಬುಧವಾರ

ಬಾಯಿ ಮುಚ್ಚುವುದೇ ಇಲ್ಲ ಈ ಹುಡುಗಿ. ಅರ್ಧವೂ ಅರ್ಥವಾಗುವುದಿಲ್ಲ ನನಗೆ. ಮತ್ತೆ ಹೇಳು ಅಂದರೆ ಸೊಂಟಕ್ಕೆ ಕೈ ಕೊಟ್ಟು ಮತ್ತೆ ಹೇಳುತ್ತಾಳೆ. ಸಿಟ್ಟು ಬಂದರೆ ಮಾತ್ರ ಈಗಲೂ ತುಟಿ. ನಿನ್ನೆ ಇವರು ಅಂಗಡಿಯಿಂದ ಫೋನ್ ಮಾಡಿ ಅವಳ ಕೈಯಲ್ಲಿ “ಬಾಗಿಲು” ಹೇಳಿಸಿದರು. ನಾನು ಬೇಕೆಂದೇ “ಬಾಳೆಕಾಯಿ” ಅಂದೆ. ಅವಳ ನಗು… ಅದು ಎಷ್ಟು ಒರಟು! ಇಷ್ಟು ಸಣ್ಣ ಮೈಯಿಂದ ಅಂಥ ಗೊರಗೊರ ನಗು ಬರಬಹುದೆಂದು ನಾನು ಎಣಿಸಿಯೇ ಇರಲಿಲ್ಲ.

ಶ್ರವಣ್‌ನನ್ನು ಭಾನುವಾರ ಊಟಕ್ಕೆ ಕರೆದಿದ್ದೇನೆ. ಆ ಇಬ್ಬರು ಮಾಡಿದ ಮುಂದಿನ ಆಲ್ಬಮ್ ತರುತ್ತಾನಂತೆ. ಅದರಲ್ಲಿ ಇನ್ನೂ ಹೆಚ್ಚು ಪದರ ಉಂಟಂತೆ, ಹೆದರಬೇಡಿ ಅಂದ. ಹೆದರಿಕೆಯಾ? ಇವತ್ತೇ ತಾ ಅಂದೆ.

ಬಾಗಿಲಿಗೆ ಬೆನ್ನು ಹಾಕಿ ಕುಳಿತು ಬರೆಯುತ್ತಿದ್ದೇನೆ. ಹೊರಗೆ ಸ್ಕೂಟರ್ ಹೋಯಿತು. ಕುಕ್ಕರ್ ಒಮ್ಮೆ. ಈಗ ಬಚ್ಚಲಿನಿಂದ ಯಾರೋ — ಸೋಪು ಅಂತಲೋ, ಟವೆಲ್ ಅಂತಲೋ — ಇಲ್ಲ, ಅದಕ್ಕೂ ಮೊದಲು ‘ಉಮ್ಮ’ ಅಂತ, ಎಳೆದು, ಅಲ್ಲಿಂದಲೇ, ಮುಖ ಕಾಣದೆ ನನ್ನನ್ನು ಕರೆಯುತ್ತಿದ್ದಾಳೆ. ಹೋಗಬೇಕು.