ಅಂಚೆಯವರ ಎಡಗಾಲಿನ ಶೂ

ಜೂನ್ ೧೪, ಭಾನುವಾರ

ನನ್ನ ತಲೆಹರಟೆ ಮಗಳೇ,

ಫೋನ್ ಇರುವಾಗ ಅಮ್ಮ ಯಾಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಾದರೆ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ಹತ್ತು ಆಡುತ್ತೀಯ, ನಾನು ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಕಾಗದಕ್ಕೆ ಅಡ್ಡಬಾಯಿ ಹಾಕಲು ನಿನ್ನಿಂದ ಆಗುವುದಿಲ್ಲ.

ಬರುವ ಶನಿವಾರ ಹಾಸ್ಟೆಲ್‌ನಿಂದ ಬಂದವಳೇ ನನ್ನನ್ನು ಎಳೆದುಕೊಂಡು ಹೋಗಿ, ಹೊಸ ಆಫೀಸಿಗೆ ಒಪ್ಪುವಂಥ ಬಟ್ಟೆ ಕೊಡಿಸುತ್ತೇನೆ ಎಂದಿದ್ದೀಯ. ಅದಕ್ಕೆ ಮೊದಲು ಒಂದು ನಿಜ ಹೇಳಿಬಿಡುತ್ತೇನೆ. ಕಂಪನಿಯಿಂದ ತೆಗೆದ ಮೇಲೆ ಒಂದು ಸಣ್ಣ ಸಂಸ್ಥೆಗೆ ಸಲಹೆಗಾರ್ತಿಯಾಗಿ ಹೋಗುತ್ತಿದ್ದೇನೆ ಎಂದು ನಿನಗೆ ಹೇಳಿದ್ದೆನಲ್ಲ, ಅದು ಬರೀ ಬುರುಡೆ. ನಾನು ಹೋಗುತ್ತಿರುವುದು ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿರುವ ಶೂ ರಿಪೇರಿ ಅಂಗಡಿಗೆ. ಸಲಹೆ ಹಾಗಿರಲಿ, ಮೊದಲ ಎರಡು ತಿಂಗಳು ಅಂಗಡಿಯ ಯಜಮಾನರು ನನ್ನ ಕೈಗೆ ಕತ್ತರಿಯನ್ನೂ ಕೊಟ್ಟಿರಲಿಲ್ಲ. ಈಗ ಅಟ್ಟೆ ಹಾಕುತ್ತೇನೆ, ಹೀಲ್ ಕಟ್ಟುತ್ತೇನೆ, ಕಿತ್ತುಹೋದ ಬಾರು ಹೊಲಿಯುತ್ತೇನೆ.

ನಿನ್ನ ಅಪ್ಪನಿಗೆ ಇದು ಗೊತ್ತು. ಹೇಳಕೂಡದು ಎಂದು ಆಣೆ ಹಾಕಿಸಿದ್ದೆ. ನಿನ್ನ ಫೋನ್ ಬಂದಾಗಲೆಲ್ಲ ಅವರು ಸ್ನಾನಕ್ಕೆ ಓಡುತ್ತಿದ್ದುದು ಅದಕ್ಕೇ. ದಿನಕ್ಕೆ ಮೂರು ಸಲ ಸ್ನಾನ ಮಾಡುವ ಅಪ್ಪನ ಮೇಲೆ ನಿನಗೆ ಅನುಮಾನವೇ ಬರಲಿಲ್ಲವಲ್ಲ, ನೀನೆಂಥ ಜಾಣೆ!

ಹೋದ ಅಕ್ಟೋಬರಿನಲ್ಲಿ ಕೆಲಸ ಹೋದಾಗ ನಾನು ನಗುನಗುತ್ತಲೇ ಇದ್ದೆ ಎಂದು ನೀನು ಎಲ್ಲರಿಗೂ ಹೇಳಿಕೊಂಡು ಬಂದೆ. ಅದೂ ಸುಳ್ಳೇ. ಹತ್ತೊಂಬತ್ತು ವರ್ಷದ ಕೆಲಸ ಕಂಪ್ಯೂಟರ್ ಪರದೆಯ ಮೇಲಿನ ಒಂದು ವಿಡಿಯೋ ಕರೆಯಲ್ಲಿ ಏಳೇ ನಿಮಿಷಕ್ಕೆ ಮುಗಿದಿತ್ತು. ನನ್ನ ಹೆಸರನ್ನು ಮೀಟಿಂಗಿನ ಪಟ್ಟಿಯಿಂದ ತೆಗೆಯುವುದನ್ನು ಯಾರೋ ಮರೆತಿದ್ದರು. ಮೂರು ದಿನ, ಹತ್ತು ಗಂಟೆಯ ಮೀಟಿಂಗಿಗೆ ಬನ್ನಿ ಎಂದು ಫೋನು ಗಂಟೆ ಹೊಡೆಯುತ್ತಲೇ ಇತ್ತು. ನಾನು ತಲೆ ಬಾಚಿಕೊಂಡು ಊಟದ ಮೇಜಿನ ಮುಂದೆ ಕೂರುತ್ತಿದ್ದೆ. ನಾಲ್ಕನೆಯ ದಿನ ಅದು ನಿಂತಾಗ ಬಚ್ಚಲಿಗೆ ಹೋಗಿ ಅತ್ತೆ.

ಒಂದು ತಿಂಗಳಾದ ಮೇಲೆ ಯಾವುದೋ ಸಂದರ್ಶನಕ್ಕೆ ಹೊರಟಾಗ ದಾರಿಯಲ್ಲಿ ನನ್ನ ಶೂವಿನ ಅಟ್ಟೆ ಬಾಯಿ ಬಿಟ್ಟಿತು. ಆ ಅಂಗಡಿಯ ಬೆಂಚಿನ ಮೇಲೆ ಬರಿಗಾಲಲ್ಲಿ ಕೂತೆ. ಯಜಮಾನರಿಗೆ ಎಪ್ಪತ್ತು ದಾಟಿದೆ, ಕಣ್ಣು ಮಂಜು. ದಬ್ಬಳಕ್ಕೆ ದಾರ ಪೋಣಿಸಲು ಒದ್ದಾಡುತ್ತಿದ್ದರು. ನಾನು ಪೋಣಿಸಿ ಕೊಟ್ಟೆ. ಇನ್ನೊಂದಕ್ಕೂ ಪೋಣಿಸಿದೆ. ನೋಡುತ್ತ ಕೂತವಳಿಗೆ ಸಂದರ್ಶನದ ಹೊತ್ತು ಮೀರಿದ್ದೇ ತಿಳಿಯಲಿಲ್ಲ. ನಾಳೆಯೂ ಬರಬಹುದೇ ಎಂದು ಕೇಳಿದೆ. ಬಂದ್ರೆ ಬನ್ನಿ, ಬೆಂಚೇನು ಸವೆದುಹೋಗಲ್ಲ ಅಂದರು.

ನಾಲ್ಕನೇ ತಿಂಗಳು ನಾನು ಮಾಡಿದ ಘನಕಾರ್ಯ ಕೇಳು. ಯಜಮಾನರು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ನಮ್ಮ ಬೀದಿಯ ಅಂಚೆಯವರು ಅಟ್ಟೆ ಹಾಕಲೆಂದು ಶೂ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಅವಸರದಲ್ಲಿ ಹೋದರು. ನೋಡಿದರೆ ಎಡಗಾಲಿನ ಹೀಲ್ ಬಲಗಾಲಿನದಕ್ಕಿಂತ ಒಂದು ಬೆರಳು ದಪ್ಪ. ಹಿಂದೆ ರಿಪೇರಿ ಮಾಡಿದವನು ಎಂಥ ಬೇಜವಾಬ್ದಾರಿಯವನು ಎಂದು ಬೈದುಕೊಂಡೆ. ನಲವತ್ತು ಶಾಖೆಗಳ ವರದಿಗಳನ್ನು ಒಂದೇ ಅಚ್ಚಿಗೆ ತರುತ್ತಿದ್ದವಳು ನಾನು, ಬಿಡುತ್ತೇನೆಯೇ? ದಪ್ಪಗಿದ್ದದ್ದನ್ನು ಕೊಯ್ದು, ಉಜ್ಜಿ, ಅಳತೆಪಟ್ಟಿ ಹಿಡಿದು ಎರಡನ್ನೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಸಮ ಮಾಡಿದೆ. ಪಾಲಿಶ್ ಹಚ್ಚಿ ಕಿಟಕಿಯಲ್ಲಿಟ್ಟು ದೂರದಿಂದ ನೋಡಿ ಬೀಗಿದೆ.

ಸಂಜೆ ಅಂಚೆಯವರು ಬಂದು ಹಾಕಿಕೊಂಡು ಎರಡು ಹೆಜ್ಜೆ ಇಟ್ಟರು. ಎಡಕ್ಕೆ ವಾಲಿ ಮೇಜು ಹಿಡಿದುಕೊಂಡರು. ಅವರ ಎಡಗಾಲು ಹುಟ್ಟಿನಿಂದಲೇ ಗಿಡ್ಡವಂತೆ. ಪುಣ್ಯಾತ್ಮರು ಸಿಟ್ಟಾಗಲಿಲ್ಲ. ಶೂ ಸಮ ಮಾಡಿದ್ದೀರಿ ಸರಿ, ಇನ್ನು ನನ್ನ ಕಾಲನ್ನೂ ಒಂಚೂರು ಎಳೆದು ಸಮ ಮಾಡಿಬಿಡಿ ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಯಜಮಾನರು ಬಂದು ಕೇಳಿದ್ದು ಒಂದೇ ಮಾತು: ನಡೆಸಿ ನೋಡಿದ್ರಾ? ಯಾರೇ ಬರಲಿ, ಶೂ ಮುಟ್ಟುವ ಮೊದಲು ಅವರನ್ನು ಬಾಗಿಲವರೆಗೆ ನಡೆಸಿ ನೋಡುವುದು ಅವರ ಪದ್ಧತಿ. ಅದು ಅವರು ಗಿರಾಕಿಗಳ ಜೊತೆ ಹೊತ್ತು ಕಳೆಯುವ ರೀತಿ ಎಂದುಕೊಂಡಿದ್ದೆ. ಕೆಡಿಸಿದ್ದನ್ನು ನೀವೇ ಕಟ್ಟಿ ಎಂದು ಅವರು ಪಕ್ಕಕ್ಕೆ ಸರಿದು ಕೂತರು. ಚರ್ಮದ ಪದರ ಇಟ್ಟು ಅಂಟಿಸಿ ನಡೆಸಿದೆ, ಎತ್ತರವಾಯಿತು. ಕೆರೆದೆ, ತಗ್ಗಾಯಿತು. ಮತ್ತೆ ಕಟ್ಟಿದೆ, ಅದೂ ಸರಿಬರಲಿಲ್ಲ. ನಾಲ್ಕನೆಯ ಸಲ ಅಂಚೆಯವರು ಬೀದಿಯ ಕೊನೆಯವರೆಗೂ ನೆಟ್ಟಗೆ ನಡೆದುಹೋಗಿ, ಅಲ್ಲಿಂದ ನನ್ನತ್ತ ತಿರುಗಿ ಎರಡೂ ಕೈ ಎತ್ತಿದರು. ನನ್ನ ಕೆಲಸ ಹೀಗೆ ಎದ್ದು ನಡೆದುಹೋಗುವುದನ್ನು ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ನೋಡಿರಲಿಲ್ಲ, ಮಗಳೇ. ತುಂಬಾ ಖುಷಿಯಾಯಿತು. ಇದನ್ನು ಬೇರೆ ಹೇಗೆ ಹೇಳಬೇಕೋ ಗೊತ್ತಿಲ್ಲ.

ಈಗ ಪಕ್ಕದ ಬೀದಿಯ ಮೂಳೆ ಡಾಕ್ಟರು ಕಾಲು ತೊಂದರೆಯವರನ್ನು ನನ್ನ ಹತ್ತಿರವೇ ಕಳಿಸುತ್ತಾರೆ. ಅಂಗಡಿಯ ಒಂದು ಬೀಗದ ಕೈ ನನ್ನ ಬಳಿ ಇದೆ. ಉಗುರಿನ ಸಂದಿಯ ಕಪ್ಪು ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅದನ್ನು ಕಂಡು ನಿನ್ನ ಸೋದರತ್ತೆ ಅಯ್ಯೋ ಪಾಪ, ನಿನಗೆ ಇಂಥ ಗತಿ ಬಂತಾ ಅಂದರು. ಅವತ್ತಿನಿಂದ ನನಗೆ ನಿನ್ನದೇ ಚಿಂತೆ. ಅಮ್ಮ ಮ್ಯಾನೇಜರ್ ಎಂದು ಗೆಳತಿಯರ ಮುಂದೆ ಹೇಳಿಕೊಂಡವಳು ನೀನು, ಈಗ ನಾಚಿಕೆಪಟ್ಟರೆ ಹೇಗೋ ತಡೆದುಕೊಂಡೇನು. ಆದರೆ ಗತಿಯಿಲ್ಲದೆ ಅಮ್ಮ ಅಲ್ಲಿ ಕೂತಿದ್ದಾಳೆ ಎಂದು ಮರುಗಿದರೆ ನನ್ನಿಂದ ತಡೆಯಲಾಗುವುದಿಲ್ಲ.

ಶನಿವಾರ ಬಸ್ಸಿಳಿದು ನೇರ ಅಂಗಡಿಗೆ ಬಾ. ಬೆಂಚಿನ ಮೇಲೆ ಕೂತು ನೋಡು. ಆಮೇಲೆ ಬೈಯುವುದಿದ್ದರೆ ಬೈದುಬಿಡು.

ಇಷ್ಟು ದಿನ ನಿನಗೆ ಸುಳ್ಳು ಹೇಳಿದ, ಈಗ ಹಗುರಾಗಿರುವ,
ನಿನ್ನ ಅಮ್ಮ

ಮರೆತಿದ್ದೆ: ಏಪ್ರಿಲ್‌ನಲ್ಲಿ ನೀನೇ ಅರ್ಜಿ ತುಂಬಿ ಕಳಿಸಿದ್ದ ಆ ದೊಡ್ಡ ಕಂಪನಿಯ ಸಂದರ್ಶನ ಏನಾಯಿತು ಎಂದು ಮೂರು ಸಲ ಕೇಳಿದ್ದೀಯ. ಮರೆತಿದ್ದೆ ಎಂದದ್ದೂ ಸುಳ್ಳು, ಬರೆಯಲು ಧೈರ್ಯ ಸಾಲದೆ ಕೊನೆಗೆ ಇಟ್ಟುಕೊಂಡಿದ್ದೆ. ಅವರು ನನ್ನನ್ನು ಆರಿಸಿದರು. ಹಳೆಯ ಹುದ್ದೆಗಿಂತ ಒಂದು ಮೆಟ್ಟಿಲು ಮೇಲೆಯೇ ಕೊಟ್ಟಿದ್ದರು. ಮೂರು ವಾರದ ಹಿಂದೆ, ಬರುವುದಿಲ್ಲ ಎಂದು ಉತ್ತರ ಬರೆದೆ. ಇದು ನಿನ್ನ ಅಪ್ಪನಿಗೂ ಗೊತ್ತಿಲ್ಲ, ನಿನಗೇ ಮೊದಲು ಹೇಳುತ್ತಿದ್ದೇನೆ.